ಹಡಗಿನ ತೋಪಿಗೆ ಗುಂಡು ತುಂಬಿದವನು

ಹೋದ ವಾರ ಹಿತ್ತಲಿನಾಚೆ ಬಾವಿ ತೋಡುವವರು ಬಂಡೆ ಸಿಡಿಸಿದರು. ಸುಟ್ಟ ಮದ್ದಿನ ವಾಸನೆ ಅಡುಗೆಮನೆಯವರೆಗೂ ಬಂತು. ಕೂತಲ್ಲೇ ಮೈದುನ ನೆನಪಾದ...

ನಾನು ಮಸ್ಕಿಯ ಈ ಮನೆಗೆ ಸೊಸೆಯಾಗಿ ಬಂದ ವರ್ಷವೇ ಅವನು ನೌಕಾಪಡೆ ಬಿಟ್ಟು ಬಂದಿದ್ದ. ಎರಡನೇ ಮಹಾಯುದ್ಧದಲ್ಲಿ ಹಡಗಿನ ಮೇಲಿಂದ ವಿಮಾನ ಹೊಡೆಯುವ ತೋಪಿಗೆ ಗುಂಡು ತುಂಬುವುದು ಅವನ ಕೆಲಸ. ಗುಂಡು ಕೊಡುತ್ತ ಹೋದರೆ ಅದು ತಾನೇ ಹಾರಿಸುತ್ತ ಹೋಗುತ್ತಿತ್ತಂತೆ.

"ನಾಕು ನಾಕು ಗುಂಡು ಮ್ಯಾಲಿಂದ ಇಡ್ಕೋತ ಇರಬೇಕ್ರಿ ವೈನಿ. ನಮ್ಮ ಅಪ್ಪ ಊಟಕ್ಕ ಕುಂತಂಗ, ಸಾಕು ಅನ್ನಂಗಿಲ್ಲ ಅದು," ಎಂದು ನಗುತ್ತಿದ್ದ.

ಊರವರು ಅವನನ್ನು ಸೊಕ್ಕಿನವನೆಂದರು. ಕರೆದರೆ ತಿರುಗಿ ನೋಡುತ್ತಿರಲಿಲ್ಲ. "ಸಮುದ್ರ ನೋಡಿ ಬಂದಾನ, ನಾವೆಲ್ಲಿ ಕಾಣ್ತೀವಿ," ಎಂದು ನನ್ನ ಗಂಡನೇ ಕುಟುಕುತ್ತಿದ್ದರು.

ನನಗೆ ಗೊತ್ತಾದದ್ದು ಸೆರಗಿನಿಂದ. ಮಾವ ಪಡಸಾಲೆಯಲ್ಲಿದ್ದರೆ ನಾನು ಬಾಯಿಗೆ ಸೆರಗು ಹಿಡಿದೇ ಮಾತಾಡುತ್ತಿದ್ದೆ. ಆಗೆಲ್ಲ ಮೈದುನ ಉತ್ತರ ಕೊಡುತ್ತಿರಲಿಲ್ಲ. ಮಾವ ಹೊಲಕ್ಕೆ ಹೋದ ಮೇಲೆ, ಸೆರಗು ಬಿಟ್ಟು ಅದನ್ನೇ ಕೇಳಿದರೆ ಸರಿಯಾಗಿ ಹೇಳುತ್ತಿದ್ದ. ಒಂದು ದಿನ ಬೇಕೆಂದೇ ಸೆರಗು ಅಡ್ಡ ಹಿಡಿದು, "ಮನಿಗೆ ಬೆಂಕಿ ಬಿದ್ದೈತಿ," ಎಂದೆ. ಅವನು ರೊಟ್ಟಿ ಮುರಿಯುತ್ತಲೇ ಇದ್ದ.

ಸೆರಗು ತೆಗೆದು, "ನಿಮಗ ಕೇಳ್ಸಂಗಿಲ್ಲ, ಹೌದಲ್ರಿ?" ಎಂದೆ. ಅವನ ಕೈ ನಿಂತಿತು.

"ತೋಪು ತಿಂದೈತ್ರಿ ಕಿವಿ. ತುಟಿ ನೋಡಿ ತಿಳ್ಕೋತೀನಿ. ಯಾರ ಮುಂದೂ ಅನಬ್ಯಾಡ್ರಿ. ಕಾಲುವಿ ಕೆಲಸಕ್ಕ ತಗೋತೀವಿ ಅಂದಾರ, ಕಿವುಡ ಅಂದ್ರ ಬಿಡ್ತಾರ."

ಆಯಿತು ಎಂದೆ.

ಆಗ ಸಿಂಧನೂರಿನ ಕಡೆ ಕಾಲುವೆ ತೋಡುತ್ತಿದ್ದರು. ತೋಪಿನ ಹತ್ತಿರ ದುಡಿದವನು ಮದ್ದಿಗೆ ಅಂಜುವುದಿಲ್ಲವೆಂದು ಬಂಡೆ ಸಿಡಿಸುವ ಗುಂಪಿಗೇ ಅವನನ್ನು ಹಾಕಿದರು. ಬೆಂಕಿ ಇಡುವ ಮುಂಚೆ ಅಲ್ಲಿ ಸೀಟಿ ಊದುತ್ತಾರೆಂದು ನನಗೆ ಗೊತ್ತಿತ್ತು. ಹೇಗೆ ಮಾಡುತ್ತೀರಿ ಎಂದು ಕೇಳಿದೆ.

"ಮಂದಿ ಓಡೂದು ಕಾಣತೈತಲ್ರಿ, ನಾನೂ ಓಡ್ತೀನಿ."

ನಾನು ಅವನ ಬುತ್ತಿ ಕಟ್ಟಿಕೊಟ್ಟೆ.

ಐದಾರು ತಿಂಗಳು ಓಡಿದ. ಒಂದು ಮಧ್ಯಾಹ್ನ ಎಲ್ಲರಿಗೂ ಬೆನ್ನು ಮಾಡಿ ಕೂತು, ನಾನು ಕಟ್ಟಿದ ಬುತ್ತಿ ಬಿಚ್ಚುತ್ತಿದ್ದನಂತೆ... ಸೀಟಿ ಊದಿದರಂತೆ, ಹೆಸರು ಹಿಡಿದು ಕೂಗಿದರಂತೆ. ಸಿಡಿದ ಬಂಡೆ ಬಡಿದು ಅಲ್ಲೇ ಹೋದ.

"ಕೂಗಿದ್ರೂ ಏಳಲಿಲ್ಲಂತ. ಸೊಕ್ಕು ನೋಡು ಅವಂದು," ಎಂದು ನನ್ನ ಗಂಡ ಅಳುತ್ತಲೇ ಬೈದರು. ಆಗಲಾದರೂ ಹೇಳಬಹುದಿತ್ತು. ನಿನಗೆ ಮೊದಲೇ ಗೊತ್ತಿತ್ತೇನು ಎಂದು ಕೇಳಿಯಾರೆಂದು ಅಂಜಿದೆ.

ಹೋದ ತಿಂಗಳು ನನ್ನ ಗಂಡ ತೀರಿಕೊಂಡರು. ಹಾಸಿಗೆ ಹಿಡಿದಾಗ ಒಮ್ಮೆ ತಮ್ಮನ ಮಾತು ತೆಗೆದು, "ಭಾಳ ಹಠಮಾರಿ ಇದ್ದ," ಎಂದರು. ನಾನು ಕಾಲು ಒತ್ತುತ್ತ, "ಹೌದ್ರಿ," ಎಂದೆ.

ಈಗ ಮನೆಯಲ್ಲಿ ನಾನೊಬ್ಬಳೇ. ಅದು ಸೊಕ್ಕಲ್ಲ ಎಂದು ಯಾರಿಗೆ ಹೇಳಬೇಕಿತ್ತೋ ಅವರು ಇಲ್ಲ.