ಚಾಕು ಕೆಳಗಿಡು

ನನ್ನ ತಮ್ಮನ ಕೈ ಖಾಲಿ ಇದ್ದರೆ ಯಾರದಾದರೂ ಮೂಗು ಒಡೆಯುತ್ತದೆ ಎಂಬುದು ಮಲಾಡಿನ ನಮ್ಮ ಚಾಳಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಸ್ಟೇಷನ್ ಬ್ರಿಡ್ಜಿನ ಮೇಲೆ ಮೊಣಕೈ ತಾಗಿಸಿದನೆಂದು ಒಬ್ಬನನ್ನು ರೇಲಿಂಗಿಗೆ ಒತ್ತಿ ಹಿಡಿದು ಬಾರಿಸಿದ್ದ. ಗೋಡೌನಿನಲ್ಲಿ ಸೂಪರ್‌ವೈಸರನ ಹಲ್ಲು ಉದುರಿಸಿ ಕೆಲಸ ಕಳೆದುಕೊಂಡ. ಆಗ ಲಾಕಪ್ಪಿನಿಂದ ಬಿಡಿಸಿ ತರಲು ಹೋದವಳು ನಾನೇ. ಇನ್ನೊಮ್ಮೆ ಕೈ ಎತ್ತಿದರೆ ಒಳಗೇ ಕೊಳೆಯುತ್ತಾನೆ ಎಂದು ಸಾಹೇಬರು ಮರಾಠಿಯಲ್ಲಿ ನನಗೆ ಬೈದು ಕಳಿಸಿದರು. ಹೊಡೆದವನು ಅವನು, ಬೈಸಿಕೊಂಡವಳು ನಾನು.

ನನಗೇನು ಸಿಟ್ಟು ಕಡಿಮೆಯೇ? ಫೋರ್ಟಿನ ಆಫೀಸಿನಲ್ಲಿ ದಿನವಿಡೀ ಹಲ್ಲು ಕಚ್ಚಿಕೊಂಡು ಕೂತು, ಸಂಜೆ ಲೋಕಲ್‌ನಲ್ಲಿ ನೂಕುವವರನ್ನು ತಿರುಗಿ ನೂಕಿ ಮನೆ ಸೇರುವವಳು. ಅಪ್ಪ ಧಾರವಾಡದ ಕಡೆಯಿಂದ ಮುಂಬಯಿಗೆ ತಂದದ್ದು ಎರಡೇ: ಮೋಟರ್ ರಿಪೇರಿಯ ಕಸುಬು ಮತ್ತು ಸಿಟ್ಟು. ಕಸುಬು ಅವನ ಜೊತೆಯೇ ಹೋಯಿತು. ಸಿಟ್ಟು ಮಕ್ಕಳಿಬ್ಬರಿಗೂ ಸರಿಪಾಲು ಬಂತು.

ಕೆಲಸ ಹೋದ ಮೇಲೆ ತಮ್ಮ ಹಾಸಿಗೆಯಲ್ಲಿ ಬಿದ್ದುಕೊಂಡು ಮೊಬೈಲಿನಲ್ಲಿ ಚಾಕು ಮಾಡುವವರ ವೀಡಿಯೊ ನೋಡುತ್ತಿದ್ದ. ಒಂದು ದಿನ ನನಗೆ ತಡೆಯಲಿಲ್ಲ. "ನೋಡೂದು ಬಿಡು, ಎದ್ದು ಮಾಡು," ಅಂದೆ.

"ಬೆಂಕಿಗೆ ತುಪ್ಪ ಸುರಿಯಾಕತ್ತೀದಿ ನೀ," ಅಂದಳು ಅವ್ವ. "ಸಿಟ್ಟಿನವನ ಕೈಯಾಗ ಚಾಕು?"

"ಕಬ್ಬಿಣಕ್ಕ ಹೊಡದ್ರ ಅದು ಕಂಪ್ಲೇಂಟ್ ಕೊಡಾಕ ಹೋಗೂದಿಲ್ಲವ್ವಾ," ಅಂದೆ. ಅವನು ಜೈಲಿಗೆ ಹೋಗಬಾರದು. ನನಗೆ ಬೇಕಿದ್ದದ್ದು ಅದೊಂದೇ.

ಚಾಳಿನ ಕೊನೆಯ ಖೋಲಿ ನಮ್ಮದು. ಹಿಂಬಾಗಿಲಿಗೂ ಕಾಂಪೌಂಡ್ ಗೋಡೆಗೂ ನಡುವೆ ಅಪ್ಪ ತಗಡಿನ ಪತ್ರಾ ಹೊದಿಸಿದ ಒಂದಿಷ್ಟು ಜಾಗ. ಬಟ್ಟೆ ಒಗೆಯುವ ಕಲ್ಲೂ ಅಲ್ಲೇ. ಲಾರಿಯ ಹಳೆಯ ಬ್ರೇಕ್ ಡ್ರಮ್ಮಿನ ತಳಕ್ಕೆ ಪೈಪು ಜೋಡಿಸಿ, ಪೈಪಿನ ಬಾಯಿಗೆ ನನ್ನ ಕೂದಲು ಒಣಗಿಸುವ ಡ್ರೈಯರ್ ಕಟ್ಟಿದೆವು. ಇದ್ದಿಲು ಹೊತ್ತಿಸಿ ಗಾಳಿ ಬಿಟ್ಟರೆ ಅದೇ ಕುಲುಮೆ. ಭಂಗಾರದ, ಅಂದರೆ ಗುಜರಿಯ, ಅಂಗಡಿಯಿಂದ ತಂದ ಲಾರಿಯ ಸ್ಪ್ರಿಂಗ್ ಪಟ್ಟಿಯ ತುಂಡನ್ನು ಕೆಂಪಗೆ ಕಾಸಿ ತಮ್ಮ ಹೊಡೆಯುತ್ತಿದ್ದ. ಹೊಡೆಯುವಾಗ ಆ ಸೂಪರ್‌ವೈಸರನನ್ನು, ಸಾಹೇಬರನ್ನು, ಸತ್ತ ಅಪ್ಪನನ್ನೂ ಬಿಡದೆ ಬೈಯುತ್ತಿದ್ದ. ಕಿಡಿ ಹಾರಿ ಅವನ ಮುಂಗೈ ಮೇಲೆಲ್ಲ ಬೊಬ್ಬೆ. ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಬೈಗುಳವೆಲ್ಲ ಕಬ್ಬಿಣಕ್ಕೇ ಹೋಗುತ್ತಿತ್ತಲ್ಲ.

ಗ್ರೈಂಡರ್ ಮಾತ್ರ ರಾಕ್ಷಸ. ಅಪ್ಪ ಬಿಟ್ಟುಹೋದ ಮೋಟರಿಗೆ ಗಾಲಿ ಕೂರಿಸಿ, ಮೇಲೆ ಇನ್ನೊಂದು ಗಾಲಿ ನಿಲ್ಲಿಸಿ, ಎರಡರ ಸುತ್ತ ಮರಳುಕಾಗದದ ಅಗಲ ಪಟ್ಟಿ ಬಿಗಿದೆವು. ಪಟ್ಟಿಯ ಒಳಮೈ ಮೇಲೆ ತಿರುಗುವ ದಿಕ್ಕಿಗೆ ಬಾಣದ ಗುರುತಿರುತ್ತದೆ. ಅದನ್ನು ನಾವು ನೋಡಲೇ ಇಲ್ಲ. ಉಲ್ಟಾ ಹಾಕಿದ್ದ ಪಟ್ಟಿ ಅಂಟಿಸಿದ ಜೋಡಣೆಯಲ್ಲಿ ಕಿತ್ತುಹೋಗಿ ಅವನ ಕೆನ್ನೆಗೆ ಬಾರಿಸಿತು. ಕಿವಿಯಿಂದ ತುಟಿಯವರೆಗೆ ಚರ್ಮ ಎದ್ದು ರಕ್ತ ಇಳಿಯಿತು.

"ಅಂತೂ ನಿನಗೂ ಹೊಡಿಯಾವ್ರು ಒಬ್ರು ಸಿಕ್ಕರು ನೋಡು," ಅಂದೆ. ಅವನು ರಕ್ತ ಉಗುಳಿ ನಕ್ಕ.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಚಾಕು, ಕತ್ತರಿ, ಈಳಿಗೆ ಯಾವುದನ್ನೂ ನಾವು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಡುವವರು ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಇಲ್ಲದಿದ್ದರೆ ಇಬ್ಬರ ಸಂಬಂಧ ಹರಿಯುತ್ತದೆ. ಇದು ಎಷ್ಟೋ ಮನೆಗಳಲ್ಲಿ ಇದೆ. ನಮ್ಮಲ್ಲಿ ಇದಕ್ಕೆ ಸಾಕ್ಷಿಯೂ ಇತ್ತು. ಅವ್ವ ಒಮ್ಮೆ ಅವಸರದಲ್ಲಿ ತನ್ನ ತಂಗಿಯ ಕೈಗೇ ಈಳಿಗೆ ಕೊಟ್ಟಿದ್ದಳಂತೆ. ಅದೇ ವಾರ ಇಬ್ಬರೂ ಜಗಳಾಡಿದರು. ಚಿಕ್ಕವ್ವ ಸಾಯುವವರೆಗೂ ಮಾತಿಲ್ಲ. ಅವಳ ಹೆಣದ ಮುಂದೆ ಅವ್ವ ಎದೆ ಬಡಿದುಕೊಂಡದ್ದನ್ನು ತಮ್ಮ ಸಣ್ಣವನಿದ್ದಾಗ ಕಣ್ಣಾರೆ ಕಂಡಿದ್ದ. ಪೊಲೀಸರಿಗೆ ಹೆದರದವನು ಈ ಒಂದು ಮಾತಿಗೆ ಹೆದರುತ್ತಿದ್ದ. ನಾನು ಹಣ್ಣು ಹೆಚ್ಚುವ ಚಾಕು ಚಾಚಿದರೂ ಕೈ ಹಿಂದೆಳೆದುಕೊಂಡು, "ಅಕ್ಕಾ, ಕೆಳಗಿಡು," ಅನ್ನುತ್ತಿದ್ದ.

ಇದೇ ಪದ್ಧತಿ ನಮ್ಮ ಚಾಕುಗಳನ್ನೂ ಕೆಡಿಸಿತು. ಅಲಗನ್ನು ಕೆಂಪಗೆ ಕಾಸಿ ಥಟ್ಟನೆ ಬಿಸಿ ಎಣ್ಣೆಯಲ್ಲಿ ಅದ್ದಿದರೆ ಅದು ಗಟ್ಟಿಯಾಗುತ್ತದೆ. ಇಕ್ಕಳದಲ್ಲಿ ಹೊರತೆಗೆಯುವವಳು ನಾನು, ಅದ್ದುವವನು ಅವನು. ನಾನು ಕೆಂಡದಂಥ ಅಲಗನ್ನು ಮೊದಲು ಒಗೆಯುವ ಕಲ್ಲಿನ ಮೇಲೆ ಇಡುತ್ತಿದ್ದೆ. ಅವನು ತನ್ನ ಇಕ್ಕಳದಿಂದ ಎತ್ತಿ ಅದ್ದುತ್ತಿದ್ದ. ಅಷ್ಟರಲ್ಲಿ ಕಲ್ಲು ಅದರ ಕಾವನ್ನು ಕುಡಿದುಬಿಟ್ಟಿರುತ್ತಿತ್ತು. ಅರ ಉಜ್ಜಿ ನೋಡಿದರೆ ಅಲಗು ಸೀಸದ ಹಾಗೆ ಮೆತ್ತಗೆ. ಎಣ್ಣೆ ಸರಿಯಿಲ್ಲ ಅಂದೆವು, ಕಬ್ಬಿಣ ಸರಿಯಿಲ್ಲ ಅಂದೆವು, ಭಂಗಾರದವನ ವಂಶವನ್ನೆಲ್ಲ ಶಪಿಸಿದೆವು. ಕಲ್ಲಿನ ಮೇಲೆ ಬಿದ್ದ ಕಪ್ಪು ಗೆರೆಗಳನ್ನು ನೋಡಿ ಕೊನೆಗೆ ನನಗೇ ಹೊಳೆಯಿತು. ಮುಂದಿನ ಅಲಗನ್ನು ಯಾರಿಗೂ ದಾಟಿಸದೆ ನಾನೇ ತೆಗೆದು ನಾನೇ ಅದ್ದಿದೆ. ಎಣ್ಣೆ ಭುಗಿಲೆಂದು ನನ್ನ ಹುಬ್ಬು ಸುಟ್ಟಿತು. ಈ ಸಲ ಅಲಗು ಗಟ್ಟಿಯಾಗಿತ್ತು, ಅರ ಕಚ್ಚದೆ ಜಾರಿತು. ಮನೆಯ ಸಣ್ಣ ಕರೆಂಟ್ ಓವನ್ನಿನಲ್ಲಿಟ್ಟು ಹದಕ್ಕೆ ತಂದು ಗ್ರೈಂಡರಿನ ಮೇಲೆ ಹರಿತ ಮಾಡಲು ಶುರುಮಾಡಿದೆ.

ಮೇಲಿನ ಮಹಡಿಯವನದು ರಾತ್ರಿ ಪಾಳಿಯ ಸೆಕ್ಯುರಿಟಿ ಕೆಲಸ, ಹಗಲು ನಿದ್ದೆ. ಗ್ರೈಂಡರಿನ ಕಿರುಚಾಟಕ್ಕೆ ಅವನಿಗೆ ತಲೆ ಕೆಟ್ಟದ್ದು ನ್ಯಾಯವೇ. ಮೊದಲು ಕೈ ಮುಗಿದು ಹೇಳಿದ್ದ, ಆಮೇಲೆ ಬೈದಿದ್ದ. ನಾನು ಆ ಅಲಗು ಮಸೆಯುತ್ತಿದ್ದ ಭಾನುವಾರ ಮಧ್ಯಾಹ್ನ ಬನಿಯನ್ನಿನಲ್ಲೇ ಇಳಿದು ಬಂದು, "ಬಂದ್ ಕರ್!" ಎಂದು ಪ್ಲಗ್ ಕಿತ್ತು ಎಸೆದ. ಬ್ರೇಕ್ ಡ್ರಮ್ಮಿಗೆ ಒದ್ದ. ಕೆಂಡ ಚೆಲ್ಲಾಡಿತು. ತಮ್ಮ ಅವನ ಕೊರಳಿಗೆ ಕೈ ಹಾಕುವ ಹೊತ್ತಿಗೆ ಅವ್ವ ನಡುವೆ ಬಂದಳು. ಅವನು ತಮ್ಮನನ್ನು ನೂಕಲು ಹೋಗಿ ಅವ್ವನನ್ನು ನೂಕಿದ. ಅವಳ ಹಣೆ ಒಗೆಯುವ ಕಲ್ಲಿಗೆ ಬಡಿಯಿತು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಹಣೆ ಬಿರಿದು ರಕ್ತ ಕಣ್ಣಿಗಿಳಿಯಿತು. ಅವನು ಬಿಳುಚಿಕೊಂಡು ಮೆಟ್ಟಿಲು ಹತ್ತಿ ಓಡಿಹೋದ.

ತಮ್ಮ ಕೂಗಾಡಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು. ಸುತ್ತಿಗೆ ಅವನ ಕಾಲಬುಡದಲ್ಲೇ ಇತ್ತು, ಅದು ಅವನ ಕಣ್ಣಿಗೆ ಬೀಳಲಿಲ್ಲ. ಅವನು ನೋಡುತ್ತಿದ್ದದ್ದು ನನ್ನ ಕೈಯಲ್ಲಿದ್ದ ಚಾಕುವನ್ನು.

"ಅಕ್ಕಾ, ಚಾಕು ಕೆಳಗಿಡು."

ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಹಿಡಿ ಇನ್ನೂ ಕೂರಿಸಿರಲಿಲ್ಲ. ಬಟ್ಟೆ ಸುತ್ತಿದ ಹಿಂಬದಿಯನ್ನು ಬಿಗಿಯಾಗಿ ಹಿಡಿದು ಅಲಗನ್ನು ಅವನ ಕಡೆ ಚಾಚಿದೆ.

"ಬೇಕೇನು? ಕೈಯಾಗಿಂದನ ತಗೋ."

"ಕೆಳಗಿಡು ಅಂದೆ."

"ಇಡೂದಿಲ್ಲ. ತಗೊಂಡು ಹೋಗು. ಅವನ್ನ ಕೊಲ್ಲು, ನನ್ನ ಋಣಾನೂ ಹರಕೊಂಡು ಹೋಗು."

ಅವನು ನನ್ನ ಕಪಾಳಕ್ಕೆ ಬಾರಿಸಿದ. ಕಣ್ಣು ಕತ್ತಲಿಟ್ಟಿತು. ನಾನೂ ಎಡಗೈಯಲ್ಲಿ ತಿರುಗಿ ಬಾರಿಸಿದೆ. ಅವನ ಕೆನ್ನೆಯ ಹಳೆಯ ಗಾಯ ಬಿಚ್ಚಿಕೊಂಡಿತು.

"ತಗೋಬ್ಯಾಡೋ, ಆಕಿ ಕೈಯಾಗಿಂದ ತಗೋಬ್ಯಾಡ," ಎಂದು ಅವ್ವ ನೆಲದಿಂದಲೇ ಗೋಗರೆದಳು. ಹಣೆ ಒಡೆದದ್ದರ ಚಿಂತೆ ಅವಳಿಗಿರಲಿಲ್ಲ.

ಅವನ ಕೈ ಅಲಗಿನ ಮುಂದೆ ಗಾಳಿಯಲ್ಲೇ ನಿಂತಿತು. ಗೆದ್ದೆ ಅಂದುಕೊಂಡೆ. ಆಗ ಅವನು ಅಲಗನ್ನೇ ಮುಷ್ಟಿಯಲ್ಲಿ ಹಿಡಿದು ಎಳೆದ. ನಾನು ಬಿಡಲಿಲ್ಲ. ಅವನೂ ಬಿಡಲಿಲ್ಲ. ನಾವೇ ಕಾಸಿ, ಬಡಿದು, ಮಸೆದ ಅಲಗು ಅವನ ಅಂಗೈಯಲ್ಲಿ ಇಳಿಯುತ್ತಾ ಹೋದದ್ದು ನನ್ನ ಕೈಗೆ ತಿಳಿಯುತ್ತಿತ್ತು. ಆಮೇಲೆ ಅವನ ಬೆರಳುಗಳು ತಾವಾಗಿ ಬಿಚ್ಚಿಕೊಂಡವು. ಚೆಲ್ಲಿದ ಕೆಂಡದ ಮೇಲೆ ರಕ್ತ ಬಿದ್ದು ಚುರ್ ಅಂದಿತು. ಅವನು ಅಲ್ಲೇ ಕುಕ್ಕರಿಸಿ ಅವ್ವನ ಸೆರಗಿನಲ್ಲಿ ಮುಖ ಹುದುಗಿಸಿ ಅತ್ತ.

ಆಟೊ ಕರೆದು ತಂದವನು ಮೇಲಿನ ಮಹಡಿಯವನೇ. ಅವ್ವನನ್ನು ಎತ್ತಿ ಕೂರಿಸುವಾಗ ಅವನೂ ಅಳುತ್ತಿದ್ದ. ತಮ್ಮ ಅವನ ಮುಖ ನೋಡಿದ, ಏನೂ ಮಾಡಲಿಲ್ಲ. ಮಾಡಲು ಕೈ ಇರಲಿಲ್ಲ, ಅದನ್ನು ನನ್ನ ಓಢಣಿಯಲ್ಲಿ ಸುತ್ತಿದ್ದೆ.

ಅವನ ಬಲಗೈಯ ಎರಡು ಬೆರಳು ಈಗ ಮಡಚುವುದಿಲ್ಲ. ಸಾಂತಾಕ್ರೂಜಿನ ಒಂದು ಹೋಟೆಲಿನ ಸ್ಟೋರಿನಲ್ಲಿ ಕೆಲಸಕ್ಕಿದ್ದಾನೆ, ಅಲ್ಲೇ ಇರುತ್ತಾನೆ. ಜೈಲಿನಲ್ಲಿಲ್ಲ. ಆದರೆ ಅಂದಿನಿಂದ ನನ್ನ ಜೊತೆ ಮಾತಿಲ್ಲ. "ನಾ ಹೇಳಿದ್ದೆ," ಅನ್ನುತ್ತಾಳೆ ಅವ್ವ. ಹೇಳಿದ್ದಳು, ನಿಜ. ನಾನೂ ತಿಳಿದೇ ಚಾಚಿದ್ದು. ಆ ಹೊತ್ತು ಮತ್ತೆ ಬಂದರೂ ಹಾಗೇ ಚಾಚುತ್ತೇನೆ. ಆದರೂ ಲೋಕಲ್ ಸಾಂತಾಕ್ರೂಜಿನಲ್ಲಿ ನಿಂತಾಗಲೆಲ್ಲ ಬಾಗಿಲ ಕಡೆ ಸರಿದು ಪ್ಲಾಟ್‌ಫಾರ್ಮಿನ ಮುಖಗಳಲ್ಲಿ ಅವನನ್ನು ಹುಡುಕುತ್ತೇನೆ.

ಆ ಚಾಕುವಿಗೆ ಶೀಶಮ್ ಮರದ ಹಿಡಿ ಕೂರಿಸಿ ಅಡುಗೆಗೆ ಇಟ್ಟುಕೊಂಡಿದ್ದೇನೆ. ರಜೆ ಸಿಕ್ಕಾಗ ಅವನು ಅವ್ವನನ್ನು ನೋಡಲು ಬರುತ್ತಾನೆ. ನಾನು ಇಲ್ಲವೇ ಇಲ್ಲ ಎನ್ನುವ ಹಾಗೆ ಅವಳೊಬ್ಬಳ ಜೊತೆ ಮಾತಾಡಿ ಹೋಗುತ್ತಾನೆ. ಹೋದ ವಾರ ಪಪ್ಪಾಯ ತಂದಿದ್ದ. ನಾನು ಅದೇ ಚಾಕುವಿನಿಂದ ಉಳ್ಳಾಗಡ್ಡಿ ಹೆಚ್ಚುತ್ತಿದ್ದೆ. ಅವನು ಹಣ್ಣನ್ನು ಮುಂದಿಟ್ಟುಕೊಂಡು ಕೂತ.

ಆಮೇಲೆ ಅವ್ವನ ಕಡೆ ನೋಡಿಕೊಂಡೇ ಹೇಳಿದ: "ಚಾಕು ಕೆಳಗಿಡಾಕ ಹೇಳು ಆಕಿಗೆ."

ನಾನು ಚಾಕುವನ್ನು ಸೆರಗಿನಿಂದ ಒರೆಸಿ, ಹಿಡಿ ಅವನ ಕಡೆ ಮಾಡಿ, ನೆಲದ ಮೇಲೆ ಇಟ್ಟೆ. ಅವನು ಎಡಗೈಯಿಂದ ಎತ್ತಿಕೊಂಡ.