ಜಟ್ಟಿ ನಾಯ್ಕನ ಲಾರಿ ಕೆಮ್ಮಿದ್ದು

ಒಬ್ಬನನ್ನು ಕಳ್ಳ ಎನ್ನಲು ಎಷ್ಟು ಹೊತ್ತು ಬೇಕು? ಬಾಯಿ ತೆರೆದು ಮುಚ್ಚುವಷ್ಟು. ಶಿರಾಲಿಯ ಚಹಾದಂಗಡಿ ಎದುರು, ಹತ್ತು ಜನ ನೋಡುತ್ತಿರುವಾಗ, ವಿಘ್ನೇಶ್ವರ ಹೆಗಡೆಯವರು ತಮ್ಮ ಲಾರಿ ಡ್ರೈವರ್ ಜಟ್ಟಿ ನಾಯ್ಕನಿಗೆ ಅದನ್ನೇ ಅಂದುಬಿಟ್ಟರು.

"ಡೀಸೆಲ್ ಮಾರಿ ಚಿಮಣಿ ಎಣ್ಣೆ ಬೆರೆಸಿದ್ದೆ ನೀನು. ಕಳ್ಳ! ಇಲ್ದಿದ್ರೆ ಗಾಡಿ ಹೀಂಗೆ ಕೆಮ್ತಿತ್ತಾ?"

ಅರವತ್ತೆರಡನೇ ಇಸವಿಯ ಮಾತು. ಜಾಲಿ ಊರಿನ ಜಟ್ಟಿ ಹನ್ನೊಂದು ವರ್ಷಗಳಿಂದ ಹೆಗಡೆಯವರ ತೆಂಗಿನಕಾಯಿಗಳನ್ನು ಕುಮಟೆಗೆ ಮುಟ್ಟಿಸುತ್ತ ಬಂದವನು. ಶರಾವತಿಗೆ ಸೇತುವೆ ಇರಲಿಲ್ಲ. ಕಾಸರಕೋಡಿನಲ್ಲಿ ಲಾರಿಯನ್ನು ಜಂಗಲ್ ಎಂಬ ಜೋಡುದೋಣಿಗೆ ಹತ್ತಿಸಿ, ಹೊಳೆ ದಾಟಿಸಿ, ಹೊನ್ನಾವರದಲ್ಲಿ ಇಳಿಸಬೇಕಿತ್ತು. ಆ ದಾರಿಯ ಜನ ಅವನ ಕೈಗೆ ಏನೇನೋ ಕೊಡುತ್ತಿದ್ದರು: ಮಗಳ ಮನೆಗೆ ಹಪ್ಪಳ, ಅಣ್ಣನಿಗೆ ಕಷಾಯದ ಬೇರು. ಶಿರಾಲಿಯ ನಾಗಮ್ಮ ವಾರಕ್ಕೊಮ್ಮೆ ಕುಮಟೆಯ ತಂಗಿಗೆ ಒಂದು ಪುಟ್ಟ ಮೂಟೆ ಕಳಿಸುತ್ತಿದ್ದಳು. ಅದಕ್ಕೆ ಒಂದೇ ಗಂಟು, ಅದೂ ಸಡಿಲ. "ಬಿಚ್ಚಿ ನೋಡೋ ಪೈಕಿ ಅಲ್ಲ ನಮ್ಮ ಜಟ್ಟಣ್ಣ" ಎನ್ನುತ್ತಿದ್ದಳು.

ಅವತ್ತೂ ಆಕೆ ಮೂಟೆ ಹಿಡಿದು ಬಂದಿದ್ದಳು. ಹೆಗಡೆಯವರ ಮಾತು ಕಿವಿಗೆ ಬಿದ್ದದ್ದೇ, ಮೂಟೆಯನ್ನು ಸೆರಗಿನೊಳಗೆ ಸೇರಿಸಿ, ಏನೂ ಕಾಣದವಳಂತೆ ಮನೆ ಕಡೆ ತಿರುಗಿದಳು. ಜಟ್ಟಿ ಅದನ್ನು ನೋಡಿದ. ಹೆಗಡೆಯವರ ಬೈಗುಳಕ್ಕಿಂತ ಅದೇ ಅವನಿಗೆ ನಾಟಿತು. ಹನ್ನೊಂದು ವರ್ಷದ ನಂಬಿಕೆ ಒಂದು ಮಾತಿಗೆ ಹೋಗಿಬಿಡುವುದೇ? ಥೂ!

"ನಾಳೆ ನಿಮ್ಮ ಕಣ್ಣೆದುರೇ ಇಂಜಿನ್ ಬಿಚ್ತೆ, ಹೆಗಡೇರೆ. ನನ್ನ ಕಳ್ಳತನ ಸಿಕ್ಕರೆ ಲೈಸೆನ್ಸು ಹರಿದು ಹೊಳೆಗೆ ಹಾಕ್ತೆ."

ಮರುದಿನ ಬೆಳಿಗ್ಗೆ ಹೆಗಡೆಯವರ ಅಂಗಳದಲ್ಲೇ ಲಾರಿಯ ಬಾನೆಟ್ ಎತ್ತಿದ. ಇಂಜಿನ್ ಚಾಲೂ ಇಟ್ಟು, ಪಂಪಿನಿಂದ ಹೋಗುವ ಆರು ಸಣ್ಣ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಿ ಬಿಗಿ ಮಾಡುತ್ತ ಹೋದ. ಚೆನ್ನಾಗಿರುವ ಪೈಪಿನ ಡೀಸೆಲ್ ತಪ್ಪಿಸಿದರೆ ಇಂಜಿನ್ ಕೂಡಲೇ ಮುಗ್ಗರಿಸುತ್ತದೆ. ಎರಡನೆಯದನ್ನೂ ಐದನೆಯದನ್ನೂ ಸಡಿಲಿಸಿದಾಗ ಸದ್ದು ಒಂದು ಚೂರೂ ಬದಲಾಗಲಿಲ್ಲ. ಆ ಎರಡೂ ಮೊದಲೇ ಕೆಲಸ ಬಿಟ್ಟು ಕೂತಿದ್ದವು.

ಇಂಜಿನ್ ನಿಲ್ಲಿಸಿ, ಐದನೆಯ ಪೈಪಿನ ತುದಿಯಲ್ಲಿ ಡೀಸೆಲ್ ಚಿಮ್ಮಿಸುವ ನಾಝಲ್ ಕಳಚಿ, ಹೊರಗಡೆಯೇ ಪೈಪಿಗೆ ಜೋಡಿಸಿದ. "ನೀವೇ ಸೆಲ್ಫ್ ಒತ್ತಿ" ಎಂದ. ಪಂಚೆ ಎತ್ತಿಕೊಂಡು ಹೆಗಡೆಯವರು ಡ್ರೈವರ್ ಸೀಟಿಗೆ ಹತ್ತಿ ಒತ್ತಿದರು. ಮಂಜಿನಂತೆ ಚಿಮ್ಮಬೇಕಾದ ಡೀಸೆಲ್ ಕೂಸಿನ ಜೊಲ್ಲಿನ ಹಾಗೆ ತೊಟತೊಟ ಸುರಿಯಿತು. ನಾಝಲ್ ಬಿಚ್ಚಿದರೆ ಒಳಗೆಲ್ಲ ಕಂದು ಬಣ್ಣದ ಅಂಟು.

"ಚಿಮಣಿ ಎಣ್ಣೆ ಜಿಡ್ಡು ತೊಳೀತದೆ. ಹೀಂಗೆ ಅಂಟು ಹಿಡಿಸ್ತದಾ?" ಎಂದು ಜಟ್ಟಿ ಆ ಅಂಟನ್ನು ಕಡ್ಡಿ ಗೀರಿ ಸುಟ್ಟು, ಹೆಗಡೆಯವರ ಮೂಗಿನ ಹತ್ತಿರ ಹಿಡಿದ. ಅವರು ಹೌಹಾರಿ ಹಿಂದೆ ಸರಿದರು. ಮೀನೆಣ್ಣೆ!

ಜಟ್ಟಿ ನೆಟ್ಟಗೆ ಕೊಟ್ಟಿಗೆಯ ಮೂಲೆಯಲ್ಲಿ ಲಾರಿಗೆಂದು ಡೀಸೆಲ್ ತುಂಬಿಡುವ ಪೀಪಾಯಿಯ ಹತ್ತಿರ ಹೋದ. ಅದರ ಬಾಯಿಯೊಳಗೆ ಬೆರಳಾಡಿಸಿದ. ಅಂಚಿನ ಸಂದಿಯಲ್ಲಿ ಅದೇ ಅಂಟು.

"ಈ ಪೀಪಾಯಿ ಎಲ್ಲಿಂದ ಬಂತು?"

"ಕಾಸರಕೋಡಲ್ಲಿ ಅಗ್ಗಕ್ಕೆ ಸಿಕ್ತು" ಹೆಗಡೆಯವರ ದನಿ ಇಳಿದಿತ್ತು. "ಆದ್ರೆ ಅಂಟುವಾಳ, ಬಿಸಿನೀರು ಹಾಕಿ ಮೂರು ಸಲ ತೊಳೆಸಿದ್ದೆ ಮಾರಾಯ."

ಅವರ ಮನೆಯಲ್ಲಿ ಅಂಟುವಾಳಕ್ಕೆ ಹೋಗದ ಜಿಡ್ಡೇ ಇಲ್ಲ. ಅಂಟುವಾಳ ತಾಗಿದ್ದೆಲ್ಲ ಮಡಿ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮಹಾಲಕ್ಷ್ಮೀ, "ರಾಮ ರಾಮಾ! ಮೀನೆಣ್ಣೆ ಪೀಪಾಯಿ ನಮ್ಮನೆ ಕೊಟ್ಟಿಗೇಲಾ!" ಎಂದು ತಲೆ ಚಚ್ಚಿಕೊಂಡಳು. ಜಟ್ಟಿಗೆ ನಗು ಬರಬೇಕಿತ್ತು, ಬರಲಿಲ್ಲ.

ಟ್ಯಾಂಕು ಬರಿದು ಮಾಡಿದ. ನಾಝಲುಗಳನ್ನು ತಟ್ಟೆಯಲ್ಲಿ ನೆನೆಹಾಕುತ್ತ ಹೆಗಡೆಯವರನ್ನು ಕರೆದು ಹೇಳಿದ: "ಈಗ ಚಿಮಣಿ ಎಣ್ಣೆ ಹಾಕ್ತಾ ಇದ್ದೆ. ಸಮಾ ನೋಡ್ಕಳಿ, ಆಮೇಲೆ ಕದ್ದೆ ಅನ್ಬೇಡಿ."

ಹೆಗಡೆಯವರು ಅತ್ತಿತ್ತ ನೋಡಿದರು. "ಆತು, ನಿನ್ನ ತಪ್ಪಿಲ್ಲ. ನಾಳೆ ಲೋಡು ತಗಂಡು ಹೊರಡು."

"ಎಂತ ಆತು? ಕಳ್ಳ ಅಂದದ್ದು ಶಿರಾಲಿಯಲ್ಲಿ. ಇದನ್ನೂ ಅಲ್ಲೇ ಹೇಳಿ."

ಮರುದಿನ ಚಹಾದಂಗಡಿ ಎದುರು ಲಾರಿ ನಿಲ್ಲಿಸಿದವನು ಇಂಜಿನ್ ಬಂದ್ ಮಾಡಿ ಕೈಕಟ್ಟಿ ಕೂತ. ಪಕ್ಕದಲ್ಲಿದ್ದ ಹೆಗಡೆಯವರು ಬೆವರೊರೆಸಿಕೊಂಡರು, ಕೆಮ್ಮಿದರು, ಕಡೆಗೆ ಕೆಳಗಿಳಿದರು. "ಜಟ್ಟಿ ಕದ್ದಿದ್ದಲ್ಲ. ಪೀಪಾಯಿ ಕೆಟ್ಟದಿತ್ತು, ತಂದದ್ದು ನಾನು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಅವರು ಹತ್ತಿ ಕೂತ ಮೇಲೆ ಜಟ್ಟಿ ಸೆಲ್ಫ್ ಒತ್ತಿದ. ಲಾರಿ ಒಂದೇ ಏಟಿಗೆ ಹಿಡಿಯಿತು.

ಅಷ್ಟರಲ್ಲಿ ನಾಗಮ್ಮ ಓಡೋಡಿ ಬಂದಳು. "ನಂಗೆ ಮೊದ್ಲೇ ಗೊತ್ತಿತ್ತು ಜಟ್ಟಣ್ಣ, ನೀ ಅಂಥವ ಅಲ್ಲ ಅಂತ" ಎನ್ನುತ್ತ ಕಿಟಕಿಯಲ್ಲಿ ಮೂಟೆ ಕೊಟ್ಟಳು. ಎಲ್ಲ ಸರಿಯಾಯಿತೆಂದು ಜಟ್ಟಿ ಕೈಚಾಚಿ ಇಸಿದುಕೊಂಡ.

ಮೂಟೆಗೆ ಮೂರು ಗಂಟು ಬಿದ್ದಿತ್ತು. ಮೇಲಿಂದ ದಾರವನ್ನೂ ಸುತ್ತಿ ಹೊಲಿದಿದ್ದಳು.