ಭಾವನ ಮಡಚುವ ಮನೆ

ಭಾವನ ಬಲಗೈ ಮೊಣಕೈವರೆಗೆ ಕಾವಲಿಯಷ್ಟು ಕಪ್ಪು. ಎಡಗೈ ಮಾತ್ರ ಮದುವೆಯ ಚಪ್ಪರದಲ್ಲಿ ಕಂಡಷ್ಟೇ ಬೆಳ್ಳಗೆ ಉಳಿದಿತ್ತು. ಪ್ರಾಯವೆಲ್ಲ ಮೀನಿನ ಟೆಂಪೊ ಓಡಿಸಿ, ಬಲಗೈಯನ್ನು ಕಿಟಕಿಯಾಚೆ ಬಿಸಿಲಿಗೆ ಚಾಚಿಕೊಂಡೇ ತಲೆ ಹಣ್ಣಾದವರು ಅವರು. "ಊಟ ಮಾಡೂದು ಒಬ್ರ ಕೈಲಿ, ನೀರು ಕುಡಿಯೂದು ಮತ್ತೊಬ್ರ ಕೈಲಿ," ಎಂದು ನನ್ನ ಅಕ್ಕ ಕುಶಾಲು ಮಾಡುತ್ತಿದ್ದಳು. ಭಾವ ಎರಡೂ ಕೈಗಳನ್ನು ಮುಂದೆ ಹಿಡಿದು, "ಕಪ್ಪಂದು ನಂದು, ಬೆಳೀದು ನಿಂದು, ಆತಾ?" ಎನ್ನುತ್ತಿದ್ದರು.

ಹೊನ್ನಾವರದ ಬಂದರಿನಲ್ಲಿ ಮೀನು ತುಂಬಿಕೊಂಡು ಗೋವೆಗೆ ಹೋಗುವುದು, ಅಲ್ಲಿಂದ ಖಾಲಿ ಪೆಟ್ಟಿಗೆಗಳನ್ನು ಹೇರಿಕೊಂಡು ಬರುವುದು. ಇಷ್ಟೇ ಅವರ ಕೆಲಸ. ಮಂಜುಗಡ್ಡೆಯ ನೀರು, ಬಂಗಡೆಯ ರಕ್ತ, ಡೀಸೆಲ್ಲು ಎಲ್ಲ ಸೇರಿ ಆ ಮನುಷ್ಯನ ಮೂಗನ್ನೇ ಕೊಂದುಹಾಕಿದ್ದವು. ಅದನ್ನು ಮಾತ್ರ ಅವರು ಸುತರಾಂ ಒಪ್ಪುತ್ತಿರಲಿಲ್ಲ. ಒಮ್ಮೆ ಅಕ್ಕ ಅಬ್ಬಲಿಗೆ ಹೂವಿನ ದಂಡೆ ಮುಡಿದು ಎದುರಿಗೆ ಬಂದಾಗ ಕಣ್ಣು ಮುಚ್ಚಿ ಉಸಿರೆಳೆದುಕೊಂಡು, "ಎಂತಾ ಪರಿಮಳ ಮಾರಾಯ್ತಿ!" ಅಂದರು. ಅಬ್ಬಲಿಗೆಗೆ ಪರಿಮಳವೇ ಇಲ್ಲ ಎಂಬುದು ಅವರ ಊರು ಹಳದೀಪುರದಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಅಕ್ಕ ನಕ್ಕು ನಕ್ಕು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಇವ್ರಿಗೆ ಮೂಗು ಇರೂದು ಕನ್ನಡಕ ನಿಲ್ಸೂಕೆ," ಎಂಬುದು ಅಂದಿನಿಂದ ನಮ್ಮ ಮನೆಯ ಗಾದೆಯಾಯಿತು.

ಆ ನಗುವಿನ ಅಕ್ಕನಿಗೆ ಕ್ಯಾನ್ಸರ್ ಬಂತು. ಮಂಗಳೂರಿನಲ್ಲಿ ಔಷಧಿ ಏರಿಸಿಕೊಂಡು ಬಂದಾಗಲೆಲ್ಲ ಅವಳಿಗೆ ವಾಸನೆಯೆಂದರೆ ಆಗುತ್ತಿರಲಿಲ್ಲ. ಒಗ್ಗರಣೆ ಆಗದು, ಕಾಯಿಸಿದ ಹಾಲು ಆಗದು. ಆ ಊರಿನಲ್ಲೋ ಹತ್ತು ಗಂಟೆಯಾದರೆ ಸಾಕು, ಸುತ್ತಲಿನ ಅಷ್ಟೂ ಮನೆಗಳಲ್ಲಿ ಮಸಾಲೆ ಹುರಿಯುತ್ತಾರೆ, ಮೀನು ಕೊಯ್ಯುತ್ತಾರೆ. ಅವಳು ಸೆರಗನ್ನು ಮುಖಕ್ಕೆ ಒತ್ತಿಕೊಂಡು ಹಿಂದಿನ ಕೋಣೆಯಲ್ಲಿ ಕೂತಿರುತ್ತಿದ್ದಳು. ಒಂದು ದಿನ ಭಾವನಿಗೆ ಅಂದಳಂತೆ, "ಎಂತ ವಾಸ್ನೆನೂ ಇಲ್ದಿದ್ ಜಾಗಕ್ಕೆ ಒಂದಿನ ಕರ್ಕಂಡ್ ಹೋಗಿ. ಬೇರೆ ಎಂತದೂ ಬ್ಯಾಡ. ಹೊಟ್ಟೆ ತುಂಬಾ ಉಸಿರು ತಕಂಡ್ ಮಲಗ್ತೆ."

ಅವಳು ಭಾವನನ್ನು ಏನನ್ನೂ ಕೇಳಿದವಳಲ್ಲ. ಈಗ ಕೇಳಿದ್ದು ಅವರಿಗೆ ಗೊತ್ತೇ ಆಗದ ವಸ್ತುವನ್ನು.

ಭಾವ ಲಾಡ್ಜುಗಳನ್ನು ನೋಡಿದರು. ಎಲ್ಲ ಕಡೆ ಮೂಲೆಯಲ್ಲಿ ಫಿನಾಯಿಲಿನ ಬಾಟ್ಲಿ, ಇಲ್ಲದಿದ್ದರೆ ಕೆಳಗಡೆಯೇ ಹೋಟೆಲು. ಆಗ ನೆನಪಾದದ್ದು ಓಂ ಬೀಚ್ ಹತ್ತಿರದ ಒಂದು ಗೆಸ್ಟ್ ಹೌಸಿನ ಹಿಂದೆ ಬಿದ್ದಿದ್ದ ಮಡಚುವ ಟ್ರೇಲರು. ಯಾರೋ ಪ್ರವಾಸಿಗರು ಬಿಟ್ಟುಹೋದದ್ದು. ಮುಚ್ಚಿದರೆ ಎರಡು ಚಕ್ರದ ತಗಡಿನ ಪೆಟ್ಟಿಗೆ. ಬಿಚ್ಚಿದರೆ ಎರಡೂ ಬದಿಗೆ ಮಂಚ ಹೊರಬಂದು, ಕಂಬಿಗಳ ಮೇಲೆ ದಪ್ಪ ಬಟ್ಟೆಯ ಸೂರು ಎದ್ದು ನಿಲ್ಲುವ ಒಂದು ಕೋಣೆ. ಯಜಮಾನ, ಜಾಗ ಖಾಲಿಯಾದರೆ ಸಾಕೆಂದು ಕೊಟ್ಟುಬಿಟ್ಟ. ಭಾವ ಅದನ್ನು ಟೆಂಪೊದ ಹಿಂದೆ ಕಟ್ಟಿ ಎಳೆದು ತಂದರು.

ಕುಮಟೆಯ ನನ್ನ ಹಾರ್ಡ್‌ವೇರ್ ಅಂಗಡಿಗೆ ಆಮೇಲೆ ದಿನಾ ಫೋನು. ಬೋಲ್ಟು ಕಳಿಸು, ಬಿಜಾಗರಿ ಕಳಿಸು. ಸೂರು ಎತ್ತುವ ತಂತಿಹಗ್ಗ ತುಕ್ಕು ಹಿಡಿದು ತುಂಡಾಗಿತ್ತು. ಮೀನುಗಾರಿಕೆ ಬೋಟಿನ ಹಗ್ಗ ತಂದು ಹಾಕಿದರು. ಕುಂಬಾದ ಪ್ಲೈವುಡ್ ಕಿತ್ತು ಹಲಸಿನ ಹಲಗೆ ಹಾಸಿದರು. ಅಕ್ಕನ ಮೊಣಕಾಲು ನೋಯುತ್ತದೆಂದು ಹಳೇ ಬಸ್ಸಿನ ಮೆಟ್ಟಿಲು, ಹಿಡಿಕೆ ತಂದು ಬೆಸುಗೆ ಹಾಕಿಸಿದರು. ಟೆಂಪೊದ ಬ್ಯಾಟರಿಯಿಂದ ಒಂದು ಚಿಕ್ಕ ಫ್ಯಾನು, ಒಂದು ದೀಪ. ಸೊಳ್ಳೆಪರದೆಯ ಹರಕನ್ನು ಬಲೆ ಹೆಣೆಯುವ ಗಂಟಿನಲ್ಲೇ ಹೆಣೆದರು. "ತಮಾ, ನಿನ್ ಅಕ್ಕಂಗೆ ಅರಮನೆ ರೆಡಿ," ಎಂದು ಫೋನಿನಲ್ಲಿ ಜಂಬ ಬೇರೆ.

ಹೋಗುವುದೆಲ್ಲಿಗೆ ಎಂದೂ ತೀರ್ಮಾನವಾಗಿತ್ತು. ಕಡಲ ತೀರ ಅಲ್ಲ, ಅಲ್ಲಿ ಮೀನು ಒಣಗಿಸುತ್ತಾರೆ. ಮಾವಳ್ಳಿಯ ಹಿಂದೆ ಒಂದು ಬೋಳುಗುಡ್ಡ. ಮನೆಯಿಲ್ಲ, ಮರವಿಲ್ಲ, ಬರೀ ಗಾಳಿ. ಅಪರೂಪಕ್ಕೆ ಭಟ್ಕಳದ ಬಾಡಿಗೆಗೆ ಹೋದಾಗ ಭಾವ ಅಲ್ಲಿ ಟೆಂಪೊ ನಿಲ್ಲಿಸಿ ನಿದ್ದೆ ತೆಗೆಯುತ್ತಿದ್ದರು.

ನಾನೂ ಜೊತೆಗೆ ಹೋದೆ. ದಾರಿಯುದ್ದಕ್ಕೂ ಮೀನಿನ ನಾತ ಬರುತ್ತಿತ್ತು. ಟೆಂಪೊದ್ದಲ್ಲವೇ, ಇದೇನು ಹೊಸತೇ ಎಂದುಕೊಂಡೆ. ಅಕ್ಕ ಕಿಟಕಿಗೆ ಮುಖ ಕೊಟ್ಟು, ಇನ್ನೇನು ಜಾಗ ಬಂದೇಬಿಟ್ಟಿತು ಎಂಬಂತೆ ಸಹಿಸಿಕೊಂಡು ಕೂತಿದ್ದಳು. ಗುಡ್ಡದ ಮೇಲೆ ಇಳಿಬಿಸಿಲು. ಭಾವ ಪೆಟ್ಟಿಗೆ ಬಿಚ್ಚಿ, ಸೂರು ಎತ್ತಿ, ಹಾಸಿಗೆ ಕೊಡವಿ, ಅಕ್ಕನ ಕೈ ಹಿಡಿದು ಮೆಟ್ಟಿಲು ಹತ್ತಿಸಿದರು. ಅವಳು ಒಳಗೆ ತಲೆ ಹಾಕಿದಳು. ಹಾಕಿದವಳೇ ಹಿಂದೆ ಬಂದು, ಕಲ್ಲಿನ ಮೇಲೆ ಕೂತು, ಹೊಟ್ಟೆಯಲ್ಲಿದ್ದ ಗಂಜಿನೀರನ್ನೆಲ್ಲ ಕಕ್ಕಿದಳು.

ಬಟ್ಟೆಗೂ ಹಲಗೆಗೂ ಭಾವ ಮೀನೆಣ್ಣೆ ಹಚ್ಚಿದ್ದರು! ಅವರಪ್ಪ ದೋಣಿಯವರು. ಮಳೆಗಾಲದ ಮೊದಲು ದೋಣಿಗೆ ಮೀನೆಣ್ಣೆ ಬಳಿಯುವುದು ಆ ಮನೆಯ ರೂಢಿ. ನೀರು ಒಳಗೆ ಬರಬಾರದು, ಮರ ಕೊಳೆಯಬಾರದು. ಟ್ರೇಲರಿನ ಸೂರು ಹೊಲಿಗೆಗಳಲ್ಲಿ ಸೋರುತ್ತಿತ್ತಂತೆ, ಅಪ್ಪ ಮಾಡಿದ್ದನ್ನೇ ಮಗ ಮಾಡಿದ್ದರು. ಎರಡು ಕೈ ಹೆಚ್ಚೇ ಬಳಿದಿದ್ದರು, ಪ್ರೀತಿಯಿಂದ. ನೆರೆಯವರು ಯಾರೂ ಹೇಳಲಿಲ್ಲ. ಅವರ ಅಂಗಳದಿಂದ ಮೀನಿನ ನಾತ ಬರುವುದು ಯಾರಿಗೂ ಹೊಸದಾಗಿರಲಿಲ್ಲ.

ಅಕ್ಕ ಬಾಯಿ ತೊಳೆದುಕೊಂಡು ನಗಲು ನೋಡಿದಳು. "ಅರಮನೆ ಅಂದ್ರಿ, ಮೀನ್ ಪ್ಯಾಟೆ ಕಟ್ಕಂಡ್ ಬಂದೀರಿ." ಭಾವ ನಗಲಿಲ್ಲ. ಸೂರಿನ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಮೂಸಿದರು, ಮತ್ತೆ ಮೂಸಿದರು. ನನ್ನ ಕಡೆ ತಿರುಗಿದಾಗ ಅವರ ಕಣ್ಣು ತುಂಬಿತ್ತು. "ನಂಗೆ ಎಂತದೂ ಬತ್ತಿಲ್ಲ ತಮಾ," ಅಂದರು. ಮೂಗು ಸತ್ತಿದೆ ಎಂದು ಅವರು ಒಪ್ಪಿಕೊಂಡದ್ದು ಅವತ್ತೇ. ಗೆದ್ದೆ ಎಂದು ನಗಲು ಅಕ್ಕನಿಗೂ ಮನಸ್ಸಾಗಲಿಲ್ಲ.

ಆಮೇಲೆ ನಾನು ಭಾವನ ಮೂಗಾದೆ. ಭಾನುವಾರ ಅಂಗಡಿ ಮುಚ್ಚಿ ಹಳದೀಪುರಕ್ಕೆ ಹೋದರೆ ಅಂಗಳದಲ್ಲೇ ತಡೆದು, "ಮೂಗು ತಂದ್ಯಾ?" ಎಂದು ಕೇಳುವರು. ಅಂಟುವಾಳದಲ್ಲಿ ತೊಳೆದರು, ಲಿಂಬೆಹಣ್ಣು ತಿಕ್ಕಿದರು, ಬಿಸಿಲಿಗೆ ಹಾಕಿದರು. ಹಲಗೆಯ ನಾತ ಕೀಸುಳಿ ಹಾಕಿ ಕೆರೆದ ಮೇಲೆ ಹೋಯಿತು, ಬಟ್ಟೆಯದು ಹೋಗಲಿಲ್ಲ. ಅದನ್ನು ಭಟ್ಕಳದ ಪೇಟೆಯಲ್ಲಿ ಬ್ಯಾಗು ಹೊಲಿಯುವ ಸಾಹೇಬರ ಬಳಿ ಒಯ್ದೆವು. ಸಾಹೇಬರು ಮೂಸಿ, ಮುಖ ಆಚೆ ಮಾಡಿ, "ಇದು ಸಾಬೂನಿಗೆ ಹೋಗೂದಲ್ಲ ಭಾಯ್. ಹೊಸತೇ ಹೊಲಿವಾ," ಅಂದರು. ಯಾರಿಗೆ ಎಂದು ಕೇಳಿ ತಿಳಿದ ಮೇಲೆ ಬೇರೆ ಕೆಲಸ ಬದಿಗಿಟ್ಟು ಹೊಲಿದುಕೊಟ್ಟರು. ಹತ್ತಿಯ ದಪ್ಪ ಬಟ್ಟೆ. ಎಣ್ಣೆಗಿಣ್ಣೆ ಏನೂ ಬೇಡ, ಒಮ್ಮೆ ಚೆನ್ನಾಗಿ ನೀರಿನಲ್ಲಿ ನೆನೆಸಿ ಒಣಗಿಸಿದರೆ ನೂಲು ಉಬ್ಬಿ ಸೂಜಿಯ ತೂತು ತಾನೇ ಮುಚ್ಚುತ್ತದೆ ಎಂದರು. "ಆದ್ರೆ ಗಾಳಿ ಆಡ್ಲಿ. ಮುಚ್ಚಿಟ್ರೆ ಬೂಷ್ಟು ಹಿಡೀತದೆ." ಭಾವ ತಲೆಯಾಡಿಸಿದರು.

ಎಲ್ಲ ಮುಗಿಯುವಾಗ ಅಕ್ಕ ದಾರಿಯ ಕುಲುಕು ತಡೆಯುವ ಸ್ಥಿತಿಯಲ್ಲಿರಲಿಲ್ಲ. ಮಾವಳ್ಳಿ ದೂರದ ಮಾತು, ಹೊನ್ನಾವರದವರೆಗೂ ಒಯ್ಯುವಂತಿರಲಿಲ್ಲ. ಭಾವ ಸುಮ್ಮನಾಗುವ ಜನ ಅಲ್ಲ. ಟ್ರೇಲರನ್ನು ಅಂಗಳದಲ್ಲೇ ಬಿಚ್ಚಿ ನಿಲ್ಲಿಸಿದರು. ಆಮೇಲೆ ಅಂಗಿ ಹಾಕಿಕೊಂಡು ಸುತ್ತಲಿನ ಒಂದೊಂದೇ ಮನೆಗೆ ಹೋದರು. ನಾನು ಹಿಂದೆ ನಿಂತಿದ್ದೆ. "ಇವತ್ತೊಂದಿನ ಮೀನು ಬೇಯ್ಸಬ್ಯಾಡಿ. ಒಗ್ಗರಣೆನೂ ಬ್ಯಾಡ. ಅವ್ಳು ಹೊರಗೆ ಮಲಗ್ತಳೆ," ಎಂದು ಕೈಮುಗಿದು ಕೇಳಿದರು. ಜೀವಮಾನವಿಡೀ ಮೀನು ಹೊತ್ತ ಮನುಷ್ಯ, ಮೀನಿಲ್ಲದೆ ತುತ್ತಿಳಿಯದ ಜನರ ಮುಂದೆ! ಆ ಸಂಜೆ ಕೇರಿಯಲ್ಲಿ ಎಲ್ಲರೂ ಗಂಜಿಗೆ ಉಪ್ಪು ಹಾಕಿಕೊಂಡು ಉಂಡರು.

ಬೆಳಿಗ್ಗೆ ನಾನು ಹೋಗಿ ನೋಡುವಾಗ ಅಕ್ಕ ಎದ್ದು ಕೂತಿದ್ದಳು. ಎಷ್ಟೋ ದಿನಗಳ ಮೇಲೆ ಅವಳ ಮುಖದ ಮೇಲೆ ಸೆರಗು ಇರಲಿಲ್ಲ. "ಹೆಂಗಿತ್ತೇ?" ಎಂದೆ. "ಎಂತ ವಾಸ್ನೆನೂ ಇಲ್ಲ," ಅಂದಳು. ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ಭಾವ ಕೇಳಿರಲಿಕ್ಕಿಲ್ಲ. ಅವರು ಬಸ್ಸಿನ ಮೆಟ್ಟಿಲ ಮೇಲೆ ಕೂತು ಮಗುವಿನ ಹಾಗೆ ಅತ್ತರು. ಆಸ್ಪತ್ರೆಗೆ ಕೊನೆಯ ಸಲ ಹೊರಡುವವರೆಗೆ ಅಕ್ಕ ಅಲ್ಲೇ ಮಲಗಿದಳು. ನೆರೆಯವರು ಅಲ್ಲಿಯವರೆಗೂ ದೂರದ ಬಚ್ಚಲ ಬದಿಗೆ ಒಲೆ ಹಾಕಿಕೊಂಡು ಬೇಯಿಸಿಕೊಂಡರು. ಹಾಗೆ ಮಾಡಿ ಎಂದು ಭಾವ ಹೇಳಿರಲಿಲ್ಲ.

ಅಕ್ಕ ತೀರಿಹೋಗಿ, ಬೊಜ್ಜದ ಊಟವೂ ಕಳೆದ ಮೇಲೆ ಒಂದು ಮಧ್ಯಾಹ್ನ ಭಾವ ನನ್ನನ್ನು ಟ್ರೇಲರಿನ ಒಳಗೆ ಕರೆದರು. ಅಕ್ಕನ ತಲೆದಿಂಬನ್ನು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದರು.

"ಇದ್ರಲ್ಲಿ ಅವ್ಳ ವಾಸ್ನೆ ಅದೆಯಾ, ನೋಡು."

ನೋಡಿದೆ. ಇತ್ತು. "ಅದೆ ಭಾವ," ಎಂದೆ.

"ಹೆಂಗಿರ್ತದೆ?"

ತೆಂಗಿನೆಣ್ಣೆ, ಔಷಧಿ ಎಂದೇನೋ ತೊದಲಿದೆ. ಭಾವ ತಲೆ ಅಲ್ಲಾಡಿಸಿದರು. "ಅದು ಪೇಟೆಲಿ ಸಿಗೂದು. ಅವ್ಳದ್ದು ಹೆಂಗಿರ್ತದೆ? ಮದ್ವೆ ಆದ ಹೊಸ್ತರಲ್ಲಿ ನಂಗೂ ಗೊತ್ತಿತ್ತು. ಈಗ ಎಷ್ಟ್ ಮಾಡಿದ್ರೂ ನೆನಪಾತಿಲ್ಲ."

ನನ್ನ ಒಡಹುಟ್ಟಿದವಳ ವಾಸನೆಯನ್ನು ಹೇಳಲು ನನಗೆ ಒಂದು ಮಾತೂ ಸಿಗಲಿಲ್ಲ. ದಿಂಬಿನಲ್ಲಿ ಮುಖ ಹುದುಗಿಸಿ ಅತ್ತೆ. ಭಾವ ನನ್ನ ಬೆನ್ನು ಸವರಿ, ದಿಂಬನ್ನು ಇದ್ದಲ್ಲೇ ಇಟ್ಟು, ನನ್ನನ್ನು ಹೊರಗೆ ಕರೆತಂದು ಬಟ್ಟೆಯ ಬಾಗಿಲಿನ ಜಿಪ್ಪು ಎಳೆದು ಮುಚ್ಚಿದರು. ಗಾಳಿಯಾಡದಿದ್ದರೆ ಬಟ್ಟೆ ಹಾಳಾಗುತ್ತದೆ ಎಂದೆ. "ಹಾಳಾಗ್ಲಿ. ತೆಗೆದ್ರೆ ಅವ್ಳು ಹೋಗ್ತಳೆ," ಅಂದರು. ಮಳೆ ಹಿಡಿಯುವ ಮೊದಲು ಅದರ ಮೇಲೆ ತೆಂಗಿನ ಮಡಲಿನ ಮಾಡು ಕಟ್ಟಿದರು. ಆ ಮಳೆಗಾಲದಲ್ಲೇ ಎದೆನೋವು ಬಂದು, ಕುಮಟೆಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ತೀರಿಕೊಂಡರು.

ಟ್ರೇಲರು ಇನ್ನೂ ಅಲ್ಲೇ ನಿಂತಿದೆ. ನೋಡಿದವರು ಕೊಡ್ತೀರಾ ಎಂದು ಕೇಳುತ್ತಾರೆ. ಬಿಚ್ಚಿ ಒಣಗಿಸಿ, ಇಲ್ಲದಿದ್ದರೆ ಕೊಳೆಯುತ್ತದೆ ಎಂದು ಬುದ್ಧಿ ಹೇಳುತ್ತಾರೆ. ಅಷ್ಟು ನನಗೂ ಗೊತ್ತು. ನನ್ನ ಮೂಗು ಚೆನ್ನಾಗಿಯೇ ಇದೆ. ತೆರೆದರೆ ಬೂಷ್ಟಿನ ವಾಸನೆ ಬಿಟ್ಟು ಬೇರೇನೂ ಬರುವುದಿಲ್ಲ, ಅದು ಮೂಗಿಗೆ ಬಡಿದ ಗಳಿಗೆಗೆ ಅಕ್ಕ, ಭಾವ ಇಬ್ಬರೂ ಹೋದ ಹಾಗೆ. ಭಾನುವಾರ ಹೋಗುತ್ತೇನೆ, ಅಂಗಳ ಗುಡಿಸುತ್ತೇನೆ, ಜಿಪ್ಪು ಮುಟ್ಟದೆ ಬರುತ್ತೇನೆ.